ಸ್ಟಾಟಿನ್ ಮಾತ್ರೆ ಜೊತೆ ಅರಿಶಿನ ಕ್ಯಾಪ್ಸೂಲ್, ಕಾಚಂಪುಳಿ, ಇಸಬ್ಗೋಲ್: ಯಾವುದಕ್ಕೆ ಗ್ಯಾಪ್ ಕೊಟ್ಟರೆ ಸಾಕು, ಯಾವುದಕ್ಕೆ ಸಾಲದು?

ತೋಟದ ಡಿಸ್ಪೆನ್ಸರಿ ನರ್ಸ್, ಪಾಲಿಬೆಟ್ಟ

ಕೊಲೆಸ್ಟ್ರಾಲ್ ಇಳಿಸಲು ಅಟೊರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆ ನುಂಗುವವರ ಮನೆಯಲ್ಲಿ ಈಗ ಆ ಮಾತ್ರೆಯ ಪಕ್ಕ ಇನ್ನೂ ನಾಲ್ಕೈದು ಡಬ್ಬಿ ಇರುತ್ತವೆ. ಮೀನೆಣ್ಣೆ, ಅರಿಶಿನದ ಕ್ಯಾಪ್ಸೂಲ್, ಗ್ರೀನ್ ಟೀ ಸಾರ, ಅಶ್ವಗಂಧ, ಕೂದಲಿಗೆ ಬಯೋಟಿನ್, ವಾರಕ್ಕೊಂದು ವಿಟಮಿನ್ ಡಿ. ಬಿಪಿ ನೋಡಿಸಲು ಬಂದವರನ್ನು "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ?" ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಇವು ಮಾತ್ರೆಯೇ ಅಲ್ಲ.

ಗೊತ್ತಿದ್ದವರನ್ನು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ ಸಿಗುತ್ತದೆ: "ಎರಡು ಗಂಟೆ ಗ್ಯಾಪ್ ಕೊಟ್ಟು ತಗೊಳ್ಳಿ." ಇದು ಕೆಲವಕ್ಕೆ ಸರಿ, ಕೆಲವಕ್ಕೆ ಪೂರ್ತಿ ತಪ್ಪು. ಯಾವುದು ಯಾವ ಗುಂಪಿಗೆ ಸೇರುತ್ತದೆ, ಏಕೆ ಎಂಬುದನ್ನು ಬಲ್ಲವರು ಡೋಸ್ ಸಮೇತ ಬರೆದರೆ ಉಪಕಾರವಾಗುತ್ತದೆ.

ಫಾರ್ಮಸಿಸ್ಟ್, ಮಡಿಕೇರಿ

ಅಕ್ಕ, ಒಂದು ಪ್ರಶ್ನೆಯಿಂದ ಶುರು ಮಾಡಿ: ಎರಡೂ ವಸ್ತುಗಳ ಜಗಳ ಎಲ್ಲಿ ನಡೆಯುತ್ತದೆ? ಹೊಟ್ಟೆಯೊಳಗೆ ಒಂದಕ್ಕೊಂದು ಅಂಟಿಕೊಳ್ಳುವುದಾದರೆ ಗ್ಯಾಪ್ ಕೆಲಸ ಮಾಡುತ್ತದೆ. ಕರುಳಿನ ಗೋಡೆಯ ಅಥವಾ ಲಿವರಿನ ಕಿಣ್ವದಲ್ಲಿ ನಡೆಯುವುದಾದರೆ, ಇಲ್ಲವೇ ಎರಡೂ ಸೇರಿ ಒಂದೇ ಅಂಗಕ್ಕೆ ಹೊಡೆಯುವುದಾದರೆ, ಬೆಳಿಗ್ಗೆ ಒಂದು ರಾತ್ರಿ ಒಂದು ತೆಗೆದುಕೊಂಡರೂ ವ್ಯತ್ಯಾಸವಿಲ್ಲ.

ಗ್ಯಾಪ್ ಸಾಕಾಗುವವು ಬಹಳ ಕಡಿಮೆ. ಮುಖ್ಯವಾದದ್ದು ಎದೆಯುರಿಗೆ ಕುಡಿಯುವ ಆಂಟಾಸಿಡ್. ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುವ ಸಿರಪ್ಪನ್ನು ರೊಸುವಾಸ್ಟಾಟಿನ್ ಜೊತೆಗೇ ಕುಡಿದರೆ ರಕ್ತಕ್ಕೆ ಸೇರುವ ಔಷಧಿ ಅರ್ಧಕ್ಕೆ ಇಳಿಯುತ್ತದೆ. ಮೊದಲು ರೊಸುವಾಸ್ಟಾಟಿನ್, ಎರಡು ಗಂಟೆ ಕಳೆದ ಮೇಲೆ ಆಂಟಾಸಿಡ್. ಮಾತ್ರೆ ತಪ್ಪದೆ ನುಂಗಿದರೂ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯದವರನ್ನು ಡೋಸ್ ಏರಿಸುವ ಮೊದಲು ಇದನ್ನು ಕೇಳಬೇಕು.

ಎರಡನೆಯದು ಇಸಬ್ಗೋಲ್. ಇದು ಶತ್ರುವಲ್ಲ, ದಿನಕ್ಕೆ 7ರಿಂದ 10 ಗ್ರಾಂ ತೆಗೆದುಕೊಂಡರೆ ತಾನೇ ಎಲ್‌ಡಿಎಲ್ಲನ್ನು ಸ್ವಲ್ಪ ಇಳಿಸುತ್ತದೆ. ಆದರೆ ಅದರ ಲೋಳೆಯೊಳಗೆ ಮಾತ್ರೆ ಸಿಕ್ಕಿಬೀಳಬಹುದು. ಸ್ಟಾಟಿನ್ ನುಂಗಿ ಒಂದು ಗಂಟೆಯ ನಂತರ ಇಸಬ್ಗೋಲ್ ಕುಡಿಯಿರಿ. ಇಸಬ್ಗೋಲ್ ಮೊದಲಾದರೆ ನಾಲ್ಕು ಗಂಟೆ ಬಿಟ್ಟು ಮಾತ್ರೆ. ಪ್ರತಿ ಸಲ ಒಂದು ದೊಡ್ಡ ಲೋಟ ನೀರು ಬೇಕೇ ಬೇಕು. ಕಡಿಮೆ ನೀರಿನಲ್ಲಿ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ವಯಸ್ಸಾದವರಲ್ಲಿ ಇದೇ ದೊಡ್ಡ ಅಪಾಯ. ಅಟೊರ್ವಾಸ್ಟಾಟಿನ್ ಮತ್ತು ರೊಸುವಾಸ್ಟಾಟಿನ್ ಎರಡನ್ನೂ ಹಗಲಲ್ಲಾದರೂ ರಾತ್ರಿಯಲ್ಲಾದರೂ ತೆಗೆದುಕೊಳ್ಳಬಹುದು, ಹಾಗಾಗಿ ಸಮಯ ಹೊಂದಿಸುವುದು ಕಷ್ಟವಲ್ಲ. ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿಗೇ ಇರಲಿ.

ಗ್ಯಾಪ್ ಸಾಲದ ಪಟ್ಟಿ ದೊಡ್ಡದು. ಮೊದಲು ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್. ನಾವು ಅನ್ನ ಮಾಡುವ ಕೆಂಪಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಇದು ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಬೂಷ್ಟು ಬೆಳೆಸಿ ಮಾಡಿದ್ದು. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು ರಾಸಾಯನಿಕವಾಗಿ ಲೋವಾಸ್ಟಾಟಿನ್ನೇ. ಅಂದರೆ ಡಾಕ್ಟರು ಕೊಟ್ಟ ಸ್ಟಾಟಿನ್ ಮೇಲೆ ಗೊತ್ತಿಲ್ಲದೆ ಇನ್ನೊಂದು ಸ್ಟಾಟಿನ್. ಒಂದು ಕಂಪನಿಯ ಕ್ಯಾಪ್ಸೂಲಿನಲ್ಲಿ ಎಷ್ಟಿದೆಯೋ ಇನ್ನೊಂದರಲ್ಲಿ ಅದರ ಹಲವು ಪಟ್ಟು ಇರುತ್ತದೆ. ಸರಿಯಾಗಿ ತಯಾರಿಸದಿದ್ದರೆ ಸಿಟ್ರಿನಿನ್ ಎಂಬ ಕಿಡ್ನಿಗೆ ವಿಷವಾದ ವಸ್ತುವೂ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ದಿನದ ಮೊನಾಕೊಲಿನ್ 3 ಮಿ.ಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿ, ಕೊಲೆಸ್ಟ್ರಾಲ್ ಔಷಧಿ ಜೊತೆ ಬೇಡ ಎಂಬ ಎಚ್ಚರಿಕೆಯನ್ನೂ ಕಡ್ಡಾಯ ಮಾಡಿತು. "ಸ್ಟಾಟಿನ್ ಬೇಡ, ನೈಸರ್ಗಿಕ ಸಾಕು" ಎಂದು ಆನ್‌ಲೈನಿನಲ್ಲಿ ತರಿಸುವವರಿಗೆ ನಾನು ಇದನ್ನೇ ಬಿಡಿಸಿ ಹೇಳುವುದು.

ಬೆಳೆಗಾರರು, ನಾಪೋಕ್ಲು

ಮಾತ್ರೆ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ಅದನ್ನು ಓದಿ ದ್ರಾಕ್ಷಿ ಬಿಟ್ಟವರಿದ್ದಾರೆ. ನಮ್ಮ ಕಿತ್ತಳೆ, ಚಕ್ಕೋತ, ಕೈಪುಳಿ ಎಂಬ ಕಹಿ ಕಿತ್ತಳೆ, ಇವುಗಳ ಕಥೆ ಏನು?

ಫಾರ್ಮಸಿಸ್ಟ್, ಮಡಿಕೇರಿ

ದ್ರಾಕ್ಷಿ ಧಾರಾಳವಾಗಿ ತಿನ್ನಲಿ. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತದ ಮಗು, ಚಕ್ಕೋತ ಮತ್ತು ಸಿಹಿ ಕಿತ್ತಳೆ ಕೂಡಿ ಹುಟ್ಟಿದ ಹಣ್ಣು. ಅದರಲ್ಲಿರುವ ಫ್ಯೂರಾನೊಕೂಮರಿನ್‌ಗಳು ಕರುಳಿನ ಗೋಡೆಯಲ್ಲಿರುವ ಸಿವೈಪಿ 3ಎ4 ಎಂಬ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ದೇಹ ಹೊಸ ಕಿಣ್ವ ತಯಾರಿಸಬೇಕು, ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಮಾತ್ರೆ ಒಡೆಯದೆ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಹೋಗುತ್ತದೆ. ಬೆಳಿಗ್ಗೆ ರಸ ಕುಡಿದು ರಾತ್ರಿ ಮಾತ್ರೆ ನುಂಗಿದರೂ ತಪ್ಪಿಸಿಕೊಳ್ಳಲಾಗದು ಎನ್ನುವುದು ಇದಕ್ಕೇ.

ತೊಂದರೆ ಹೆಚ್ಚು ಸಿಮ್ವಾಸ್ಟಾಟಿನ್‌ಗೆ, ಅದಕ್ಕಿಂತ ಕಡಿಮೆ ಅಟೊರ್ವಾಸ್ಟಾಟಿನ್‌ಗೆ, ರೊಸುವಾಸ್ಟಾಟಿನ್‌ಗೆ ಬಹುತೇಕ ಇಲ್ಲ. ಚಕ್ಕೋತದಲ್ಲೂ ಕಹಿ ಕಿತ್ತಳೆ ಗುಂಪಿನ ಹಣ್ಣುಗಳಲ್ಲೂ ಫ್ಯೂರಾನೊಕೂಮರಿನ್ ಇರುತ್ತದೆ. ಊಟಕ್ಕೆ ಒಂದು ಚಮಚ ಕೈಪುಳಿ ಪಜ್ಜಿ ಬೇರೆ, ದಿನಾ ಲೋಟಗಟ್ಟಲೆ ರಸ ಬೇರೆ. ಸಿಮ್ವಾಸ್ಟಾಟಿನ್ ಅಥವಾ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುವವರು ಲೋಟಗಟ್ಟಲೆ ರಸ ಕುಡಿಯುವುದನ್ನು ಬಿಡಬೇಕು. ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿ, ಅದಕ್ಕೆ ಅಡ್ಡಿಯಿಲ್ಲ.

ಡಯಟೀಷಿಯನ್, ಕುಶಾಲನಗರ

ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿ ವಿಷಯ ನಾನು ಬರೆಯುತ್ತೇನೆ, ಏಕೆಂದರೆ "ಕೊಬ್ಬು ಕರಗುತ್ತದೆ" ಎಂದು ಖಾಲಿ ಹೊಟ್ಟೆಗೆ ನೀರಿನಲ್ಲಿ ಬೆರೆಸಿ ಕುಡಿಯುವ ಅಭ್ಯಾಸ ಹರಡುತ್ತಿದೆ.

ಕಾಚಂಪುಳಿ ಮಾಡುವ ಹಣ್ಣು ಗಾರ್ಸೀನಿಯಾ ಗಮ್ಮಿ-ಗಟ್ಟ, ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರೆ. ತೂಕ ಇಳಿಸಲು ಮಾರುವ ಗಾರ್ಸೀನಿಯಾ ಕಾಂಬೋಜಿಯಾ ಕ್ಯಾಪ್ಸೂಲ್ ಕೂಡ ಇದೇ ಹಣ್ಣಿನದು, ಅದು ಹಳೆಯ ಸಸ್ಯಶಾಸ್ತ್ರೀಯ ಹೆಸರು. ಅದರೊಳಗಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ, ಸಿಪ್ಪೆಯ ಸಾರದಲ್ಲಿ ಶೇ. 50-60 ಇರುವಂತೆ ಮಾಡುತ್ತಾರೆ. 500 ಮಿ.ಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಮೂರಾದರೆ ಎಚ್‌ಸಿಎ 750ರಿಂದ 900 ಮಿ.ಗ್ರಾಂ, ಅದೂ ತಿಂಗಳುಗಟ್ಟಲೆ. ಈ ಕ್ಯಾಪ್ಸೂಲುಗಳಿಂದ ಲಿವರ್ ಊದಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟು ದಾಖಲಾಗಿವೆ. ಸ್ಟಾಟಿನ್ ಕೂಡ ಕೆಲವರಲ್ಲಿ ಲಿವರ್ ಎಂಜೈಮನ್ನು ಸ್ವಲ್ಪ ಏರಿಸುತ್ತದೆ. ಎರಡೂ ಇದ್ದಾಗ ಎಎಲ್‌ಟಿ ಎಂಬ ಲಿವರ್ ಎಂಜೈಮ್ ಏರಿದರೆ ಯಾವುದರಿಂದ ಎಂದು ಹೇಳಲಾಗದೆ, ಬೇಕಾದ ಸ್ಟಾಟಿನ್ನನ್ನೇ ಮೊದಲು ನಿಲ್ಲಿಸಬೇಕಾಗುತ್ತದೆ. ನನಗೆ ಹೆಚ್ಚು ಬೇಸರ ತರುವ ಸಂಗತಿ ಇದೇ.

ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ ಹಾಕುವ ಕಾಚಂಪುಳಿಯ ಲೆಕ್ಕ ಇದಲ್ಲ. ಒಂದು ಕೆ.ಜಿ. ಮಾಂಸಕ್ಕೆ ಒಂದೆರಡು ಚಮಚ, ಅದು ಏಳೆಂಟು ಜನರ ತಟ್ಟೆಗೆ ಹಂಚಿಹೋಗುತ್ತದೆ. ಅಷ್ಟಕ್ಕೆ ಹೆದರುವುದು ಬೇಡ. ಆದರೆ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸಿದ ಕಾಚಂಪುಳಿ ತಾನೇ ಒಂದು ಸಾರ. ಅದನ್ನು ದಿನಾ ಒಂದು ಚಮಚ ಕುಡಿದರೆ ಅಡುಗೆಯ ಲೆಕ್ಕ ಮುಗಿದು ಸಪ್ಲಿಮೆಂಟಿನ ಲೆಕ್ಕ ಶುರುವಾಗುತ್ತದೆ.

ಅರಿಶಿನದ್ದೂ ಇದೇ ಲೆಕ್ಕ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಶೇ. 3ರ ಆಸುಪಾಸು. ಒಂದೂವರೆ ಗ್ರಾಂ ಪುಡಿಗೆ 45 ಮಿ.ಗ್ರಾಂ, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಶೇ. 95 ಸಾರದ 500 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ 475 ಮಿ.ಗ್ರಾಂ. ಮೇಲೆ ಅದು ಚೆನ್ನಾಗಿ ಹೀರಿಕೊಳ್ಳಲಿ ಎಂದು ಮೆಣಸಿನ ಪಿಪರಿನ್ ಸೇರಿಸುತ್ತಾರೆ. ಲಿವರ್ ಕೆಟ್ಟ ಪ್ರಕರಣಗಳಲ್ಲಿ ಹೆಚ್ಚಿನವು ಇಂಥ ಚೆನ್ನಾಗಿ ಹೀರಿಕೊಳ್ಳುವ ತಯಾರಿಕೆಗಳಿಂದಲೇ ಆದವು.

ಬೆಳೆಗಾರರು, ನಾಪೋಕ್ಲು

ಮೇಡಂ, ಒಳ್ಳೆಮೆಣಸಿನಲ್ಲಿ ಪಿಪರಿನ್ ಶೇ. 5ರಷ್ಟು ಇರುತ್ತದೆ. ನಮ್ಮ ಊಟದಲ್ಲಿ ಒಂದು ತಟ್ಟೆಗೆ ಬೀಳುವ ಮೆಣಸಿನಲ್ಲೇ ಕ್ಯಾಪ್ಸೂಲಿಗಿಂತ ಹೆಚ್ಚು ಪಿಪರಿನ್ ಇರಬಹುದಲ್ಲ? ಹಾಗಾದರೆ ಮೆಣಸೂ ಬಿಡಬೇಕೇ?

ಡಯಟೀಷಿಯನ್, ಕುಶಾಲನಗರ

ಲೆಕ್ಕ ಸರಿಯಿದೆ, ಆದರೆ ಮೆಣಸು ಬಿಡಬೇಕಿಲ್ಲ. ಇಲ್ಲಿ ಲಿವರಿಗೆ ಹೊಡೆಯುವುದು ಮೆಣಸಲ್ಲ, ಮೆಣಸಿನ ಸಹಾಯದಿಂದ ರಕ್ತಕ್ಕೆ ನುಗ್ಗುವ ಆ 475 ಮಿ.ಗ್ರಾಂ ಕರ್ಕ್ಯುಮಿನ್. ಊಟದ ಮೆಣಸಿಗೆ ಸ್ಟಾಟಿನ್ ಜೊತೆ ಯಾವ ನಿರ್ಬಂಧವೂ ಇಲ್ಲ. ಆದರೆ ಕರ್ಕ್ಯುಮಿನ್ ಕ್ಯಾಪ್ಸೂಲನ್ನು "ಪಿಪರಿನ್ ಇಲ್ಲದ್ದು" ಎಂದು ಆರಿಸಿ, ಮೆಣಸಿನ ಊಟದ ಜೊತೆ ನುಂಗಿದರೆ ಆರಿಸಿದ್ದಕ್ಕೆ ಅರ್ಥ ಉಳಿಯುವುದಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು.

ಗ್ರೀನ್ ಟೀ ಕುಡಿಯುವುದು ಬೇರೆ, ಸಾರದ ಕ್ಯಾಪ್ಸೂಲ್ ಬೇರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದ್ದು, ಸಪ್ಲಿಮೆಂಟಿನಿಂದ ಇಜಿಸಿಜಿ ಎಂಬ ಗ್ರೀನ್ ಟೀ ಅಂಶ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಲಿವರ್ ಎಂಜೈಮ್ ಏರುತ್ತದೆ ಎಂದು.

ಮಾತ್ರೆ ನುಂಗುತ್ತಾ ಎಲ್‌ಡಿಎಲ್ ಯಾಕೆ ಇಳಿಯಲಿಲ್ಲ ಎನ್ನುವವರು ಕಾಫಿಯನ್ನೂ ನೋಡಿ. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲೂ ಸೋಸದೆ ಕುಡಿಯುವ ಕಾಫಿಯಲ್ಲಿ ಇದು ಹೆಚ್ಚು. ಸ್ಟೀಲ್ ಫಿಲ್ಟರ್ ಪೂರ್ತಿ ತಡೆಯುವುದಿಲ್ಲ, ಪೇಪರ್ ಫಿಲ್ಟರ್ ಬಹುತೇಕ ತಡೆಯುತ್ತದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ. ದಿನಕ್ಕೆ ಐದಾರು ಲೋಟ ಕುಡಿಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಆಯುರ್ವೇದ ವೈದ್ಯರು, ಸೋಮವಾರಪೇಟೆ

ಗುಗ್ಗುಲು ಬಗ್ಗೆ ಯಾರೂ ಬರೆದಿಲ್ಲ. ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು ಅದನ್ನು ತಾವೇ ಕೊಂಡು ಸ್ಟಾಟಿನ್ ಜೊತೆ ಸೇರಿಸುವವರಿದ್ದಾರೆ. ಅಮೆರಿಕದಲ್ಲಿ ಗುಗ್ಗುಲು ಸಾರ ಕೊಟ್ಟು ಎಂಟು ವಾರ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತ್ತು, ಕೆಲವರಿಗೆ ಚರ್ಮದ ಮೇಲೆ ದದ್ದು ಬಂದಿತ್ತು. ಅದು ಶೋಧಿಸಿದ ಗುಗ್ಗುಲು ಅಲ್ಲ, ಬರೀ ಸಾರ ಎಂಬ ನಮ್ಮ ಆಕ್ಷೇಪ ಇದ್ದೇ ಇದೆ. ಆದರೂ ಗುಗ್ಗುಲುವಿನಲ್ಲಿರುವ ಗುಗ್ಗುಲಸ್ಟಿರೋನ್ ಔಷಧಿ ಒಡೆಯುವ ಲಿವರಿನ ಕಿಣ್ವಗಳನ್ನು ಎಬ್ಬಿಸುತ್ತದೆ, ಡಿಲ್ಟಿಯಾಜೆಮ್, ಪ್ರೊಪ್ರನೊಲಾಲ್‌ನಂಥ ಬಿಪಿ ಔಷಧಿ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಇದನ್ನು ನಾವು ರೋಗಿಗೆ ಹೇಳಲೇಬೇಕು.

ನನ್ನ ಮುಖ್ಯ ಮಾತು ಬೇರೆ. ಗುಗ್ಗುಲು ಗುಳಿಗೆಯನ್ನು ಹೆಚ್ಚಿನವರು ಕೇಳುವುದು ಕೈಕಾಲು ನೋವಿಗೆ. ಆ ನೋವು ಸ್ಟಾಟಿನ್ನಿಂದಲೇ ಬಂದಿದ್ದರೆ? ಮೊದಲು ಅದನ್ನು ನೋಡಿ, ಆಮೇಲೆ ಗುಳಿಗೆ. ಅಮೃತಬಳ್ಳಿ ಕಷಾಯವನ್ನು ಕೋವಿಡ್ ಕಾಲದಿಂದ ಬಿಡದೆ ಕುಡಿಯುತ್ತಿರುವವರಿಗೂ ಒಂದು ಮಾತು: 2021ರಲ್ಲಿ ಮುಂಬಯಿಯ ವೈದ್ಯರು ಅದರಿಂದ ಲಿವರ್ ಉರಿಯೂತವಾದ ರೋಗಿಗಳ ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಸ್ಟಾಟಿನ್ ಮೇಲಿರುವವರು ವರ್ಷಗಟ್ಟಲೆ ಯಾವ ಕಷಾಯವನ್ನೂ ತಾವಾಗಿಯೇ ಮುಂದುವರಿಸಬಾರದು.

ಫಿಸಿಷಿಯನ್, ವಿರಾಜಪೇಟೆ

ಮೇಲಿನ ಡಾಕ್ಟ್ರು ಹೇಳಿದ ನೋವಿನಿಂದಲೇ ಮುಂದುವರಿಸುತ್ತೇನೆ. ಸ್ಟಾಟಿನ್ ನೋವು ಎರಡೂ ಕಡೆ ಒಟ್ಟಿಗೆ, ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ: ತೊಡೆ, ಸೊಂಟ, ಹೆಗಲು, ಮೀನಖಂಡ. ಸಾಮಾನ್ಯವಾಗಿ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ವಾರಗಳಲ್ಲಿ. ಬಲ ಮಂಡಿ ಮಾತ್ರ ನೋಯುತ್ತಿದ್ದರೆ ಅದು ಸ್ಟಾಟಿನ್ ಅಲ್ಲ. 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಸ್ಟಾಟಿನ್ ತೆಗೆದುಕೊಳ್ಳುವವರು ಹೇಳುವ ಸ್ನಾಯು ನೋವಿನಲ್ಲಿ ಶೇ. 90ಕ್ಕೂ ಹೆಚ್ಚಿನದಕ್ಕೆ ಮಾತ್ರೆ ಕಾರಣವಲ್ಲ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ನೋವು ಬಂತೆಂದು ತಾವೇ ಮಾತ್ರೆ ನಿಲ್ಲಿಸಬೇಡಿ. ಮೊದಲು ಸಪ್ಲಿಮೆಂಟ್ ನಿಲ್ಲಿಸಿ, ಥೈರಾಯ್ಡಿನ ಟಿಎಸ್‌ಎಚ್ ಟೆಸ್ಟ್ ಮತ್ತು ವಿಟಮಿನ್ ಡಿ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಸ್ಟಾಟಿನ್ ಸ್ನಾಯುವಿಗೆ ಬೇಗ ಹೊಡೆಯುತ್ತದೆ.

ವಿಟಮಿನ್ ಡಿ 60,000 ಯೂನಿಟ್ಟಿನದು ವಾರಕ್ಕೆ ಒಂದೇ. ದಿನಾ ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ವಾಂತಿ, ಗೊಂದಲದೊಂದಿಗೆ ಬರುವವರಿದ್ದಾರೆ. ಕೊರತೆ ಇದ್ದರೆ ಸರಿಪಡಿಸಬೇಕು, ಆದರೆ ಸ್ಟಾಟಿನ್ ನೋವು ಬಾರದಂತೆ ಅದು ತಡೆಯುವುದಿಲ್ಲ ಎಂದು ದೊಡ್ಡ ಪ್ರಯೋಗವೇ ತೋರಿಸಿದೆ. ಇದೇ ನೋವಿಗೆಂದು ತೆಗೆದುಕೊಳ್ಳುವ ಕೋಎಂಜೈಮ್ ಕ್ಯೂ10 ಬಗ್ಗೆ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮಾತ್ರ ಅದು ಬೇಡ, ಆ ಔಷಧಿಯ ಪರಿಣಾಮ ಅಳೆಯುವ ಐಎನ್‌ಆರ್ ಇಳಿಯಬಹುದು.

ನಯಾಸಿನ್ ಅಂದರೆ ಬಿ3. ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವುದು ಹೆಚ್ಚಾಗಿ ನಿಕೋಟಿನಮೈಡ್, ಅದಕ್ಕೆ ಚಿಂತೆ ಬೇಡ. ಕೊಲೆಸ್ಟ್ರಾಲಿಗೆಂದು ಮಾರುವ 500 ಅಥವಾ 1000 ಮಿ.ಗ್ರಾಂ ನಯಾಸಿನ್ ಬೇರೆ. ಸ್ಟಾಟಿನ್ ಜೊತೆ ಸೇರಿಸಿ ನಡೆಸಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಹೃದಯಕ್ಕೆ ಲಾಭವಾಗಲಿಲ್ಲ. ಅವುಗಳಲ್ಲಿ ದೊಡ್ಡದರಲ್ಲಿ ಸಕ್ಕರೆ ಏರಿತು, ಸ್ನಾಯು ತೊಂದರೆ ಹೆಚ್ಚಿತು. 2016ರಲ್ಲಿ ಅಮೆರಿಕದ ಎಫ್‌ಡಿಎ ಈ ಜೋಡಿಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡಿತು.

ಮೀನೆಣ್ಣೆಗೂ ಸ್ಟಾಟಿನ್ನಿಗೂ ಜಗಳವಿಲ್ಲ. ಅಂಗಡಿಯ 1 ಗ್ರಾಂ ಕ್ಯಾಪ್ಸೂಲಿನಲ್ಲಿ ಒಮೆಗಾ-3 ಸುಮಾರು 300 ಮಿ.ಗ್ರಾಂ ಅಷ್ಟೇ, ಟ್ರೈಗ್ಲಿಸರೈಡ್ ಇಳಿಸಲು ಅದು ಸಾಲದು. ಹೆಚ್ಚು ಡೋಸಿಗೆ ಹೋದರೆ ಹೃದಯ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸಾಧ್ಯತೆ ಏರುತ್ತದೆ.

ಸಪ್ಲಿಮೆಂಟ್ ಅಲ್ಲದಿದ್ದರೂ ಇದನ್ನು ಹೇಳದೆ ಹೋಗಲಾರೆ. ನಮ್ಮಲ್ಲಿ ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ಹುಳುಕಡ್ಡಿ ಬಂದಾಗ ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಚೀಟಿಯಿಲ್ಲದೆ ಕೊಂಡು ನುಂಗುತ್ತಾರೆ. ಸಿವೈಪಿ 3ಎ4 ಕಿಣ್ವವನ್ನು ಅದು ಗ್ರೇಪ್‌ಫ್ರೂಟಿಗಿಂತ ಬಲವಾಗಿ ತಡೆಯುತ್ತದೆ. ಸಿಮ್ವಾಸ್ಟಾಟಿನ್ ಜೊತೆ ಇದು ನಿಷಿದ್ಧ, ಅಟೊರ್ವಾಸ್ಟಾಟಿನ್ ಆದರೆ ಅದರ ಡೋಸ್ ದಿನಕ್ಕೆ 20 ಮಿ.ಗ್ರಾಂ ಮೀರಬಾರದು. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗೂ ಇದೇ ನಿಯಮ. ಹುಳುಕಡ್ಡಿಗೇ ಕೊಡುವ ಟರ್ಬಿನಾಫಿನ್‌ಗೆ ಈ ತೊಂದರೆ ಇಲ್ಲ.

ಲ್ಯಾಬ್ ಟೆಕ್ನಿಷಿಯನ್, ಗೋಣಿಕೊಪ್ಪ

ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಡಾಕ್ಟ್ರು ರಕ್ತದ ಸಿಕೆ ಟೆಸ್ಟ್ ಬರೆದರೆ ಎರಡು ಮೂರು ದಿನ ಭಾರದ ಕೆಲಸ ಬಿಟ್ಟು ಬನ್ನಿ. ಮೆಣಸು ಕೊಯ್ಯಲು ಏಣಿ ಹತ್ತಿಳಿದವರು, ಕಾಫಿ ಮೂಟೆ ಹೊತ್ತವರು, ಏಪ್ರಿಲ್-ಮೇ ತಿಂಗಳಲ್ಲಿ ಹಾಕಿ ಆಡಿದವರು, ಹಿಂದಿನ ದಿನ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವರು, ಇವರೆಲ್ಲರ ಸಿಕೆ ಸ್ಟಾಟಿನ್ ಇಲ್ಲದೆಯೂ ಏರಿರುತ್ತದೆ. ಮೇಲಿನ ಮಿತಿ ಸಾಮಾನ್ಯವಾಗಿ 200ರ ಆಸುಪಾಸು, ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಅದರ ಹತ್ತು ಪಟ್ಟು ದಾಟಿದರೆ ರಿಪೋರ್ಟ್ ಹಿಡಿದು ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಕೂದಲಿಗೆ 5 ಅಥವಾ 10 ಮಿ.ಗ್ರಾಂ ಬಯೋಟಿನ್ ನುಂಗುವವರು ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ನಮ್ಮ ಅನೇಕ ಯಂತ್ರಗಳ ಟೆಸ್ಟ್ ಕಿಟ್ಟಿನಲ್ಲೇ ಬಯೋಟಿನ್ ಇರುತ್ತದೆ, ರಕ್ತದಲ್ಲಿರುವುದು ಅದರ ಜಾಗಕ್ಕೆ ನುಗ್ಗಿ ಲೆಕ್ಕ ತಪ್ಪಿಸುತ್ತದೆ. ಟಿಎಸ್‌ಎಚ್ ಸುಳ್ಳೇ ಕಡಿಮೆ ಕಾಣುತ್ತದೆ, ಥೈರಾಯ್ಡ್ ಕೊರತೆ ಮುಚ್ಚಿಹೋಗುತ್ತದೆ. ಎದೆನೋವಿಗೆ ಮಾಡುವ ಟ್ರೊಪೊನಿನ್ ಕೂಡ ಕಡಿಮೆ ತೋರಿಸಬಹುದು, ಅದಂತೂ ಪ್ರಾಣಕ್ಕೇ ಬರುತ್ತದೆ.

ತೋಟದ ಡಿಸ್ಪೆನ್ಸರಿ ನರ್ಸ್, ಪಾಲಿಬೆಟ್ಟ

ಡಾಕ್ಟ್ರೇ, ಮೂತ್ರ ಕೆಂಪಾದರೆ ಓಡಿ ಬನ್ನಿ ಎಂದು ಎಲ್ಲ ಚೀಟಿಯಲ್ಲೂ ಇರುತ್ತದೆ. ಆಗಸ್ಟ್ ಮೊದಲ ವಾರ ಬರುವ ಕೊಡವರ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ ಮಾರನೇ ದಿನ ಇಡೀ ಊರಿನ ಮೂತ್ರ ಕೆಂಪು. ಅವತ್ತು ಏನು ಹೇಳುವುದು?

ಫಿಸಿಷಿಯನ್, ವಿರಾಜಪೇಟೆ

ಬಣ್ಣ, ನೋವು, ದಿನ, ಈ ಮೂರನ್ನು ಕೇಳಿ. ಮದ್ದುಸೊಪ್ಪಿನದು ಸೊಪ್ಪಿನ ಬಣ್ಣ ಮೂತ್ರದಲ್ಲಿ ಹೋಗುವುದು: ಗುಲಾಬಿ ಅಥವಾ ಕೆಂಪು, ಮನುಷ್ಯ ಆರಾಮಾಗಿರುತ್ತಾನೆ, ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಸ್ನಾಯು ಕರಗಿದಾಗ ಅದರೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ಮೂತ್ರದಲ್ಲಿ ಹೋಗುತ್ತದೆ: ಕಪ್ಪು ಚಹಾ ಅಥವಾ ಕೋಲಾ ಬಣ್ಣ, ಜೊತೆಗೆ ತೊಡೆ ಹೆಗಲು ನೋವು, ಕೂತಲ್ಲಿಂದ ಏಳಲು ಕಷ್ಟ, ಮೂತ್ರದ ಪ್ರಮಾಣವೇ ಕಡಿಮೆ. ಇದು ಬಹಳ ಅಪರೂಪ, ಆದರೆ ಬಂದರೆ ಸ್ಟಾಟಿನ್ ಮತ್ತು ಎಲ್ಲ ಸಪ್ಲಿಮೆಂಟ್ ಅಲ್ಲೇ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ. ಬೆಳಗಾಗಲಿ ಎಂದು ಕಾಯಬಾರದು, ಕಿಡ್ನಿ ನಿಲ್ಲುತ್ತದೆ. ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತರಲಿ.

ಆ ತಿಂಗಳಲ್ಲಿ ಮೂರನೆಯದೊಂದು ಇದೆ. ಗದ್ದೆ ನಾಟಿ ಮಾಡಿದವರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಸಹಿಸಲಾರದ ನೋವು, ಗಾಢ ಮೂತ್ರ ಇದ್ದರೆ ಇಲಿಜ್ವರ ಇರಬಹುದು. ಅದರಲ್ಲೂ ಸಿಕೆ ಏರುತ್ತದೆ. ಸ್ಟಾಟಿನ್ ಮೇಲೆ ಹೊರೆ ಹಾಕಿ ಜ್ವರವನ್ನು ಮರೆಯಬೇಡಿ.

ಫಾರ್ಮಸಿಸ್ಟ್, ಮಡಿಕೇರಿ

ತೊಂದರೆ ಸಪ್ಲಿಮೆಂಟಿನಿಂದ ಎಂದು ಅನುಮಾನ ಬಂದರೆ ಡಬ್ಬಿ ಎಸೆಯಬೇಡಿ. ಬ್ಯಾಚ್ ನಂಬರ್ ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರಿನ ಫೋಟೊ ತೆಗೆದಿಡಿ. ಔಷಧಿ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024, ರೋಗಿಯ ಮನೆಯವರೇ ಫೋನ್ ಮಾಡಬಹುದು.

ಲ್ಯಾಬ್ ಟೆಕ್ನಿಷಿಯನ್, ಗೋಣಿಕೊಪ್ಪ

ಅಕ್ಕ, ಮದ್ದುಸೊಪ್ಪಿನ ಬಗ್ಗೆ ನಮ್ಮ ಕಡೆಯಿಂದಲೂ ಒಂದು. ಮೂತ್ರ ಪರೀಕ್ಷೆಯ ಸ್ಟ್ರಿಪ್ಪಿನಲ್ಲಿ ರಕ್ತ ಪಾಸಿಟಿವ್ ಬಂದು ಮೈಕ್ರೊಸ್ಕೋಪಿನಲ್ಲಿ ಕೆಂಪು ಕಣ ಕಾಣದಿದ್ದರೆ ನಾವು ಮಯೋಗ್ಲೋಬಿನ್ ಇರಬಹುದೆಂದು ಡಾಕ್ಟರಿಗೆ ಫೋನ್ ಮಾಡುತ್ತೇವೆ. ಆದರೆ ಸ್ಟ್ರಿಪ್ಪನ್ನು ಓದುವುದು ಬಣ್ಣ ನೋಡಿ. ಮೂತ್ರವೇ ಗಾಢ ಕೆಂಪಾಗಿದ್ದರೆ ಓದುವುದು ತಪ್ಪಬಹುದು, ಆಗ ರಕ್ತದ ಸಿಕೆಯೇ ತೀರ್ಮಾನ. ಆಗಸ್ಟ್ ಮೊದಲ ವಾರ ಯಾರನ್ನಾದರೂ ನಮ್ಮಲ್ಲಿಗೆ ಕಳಿಸಿದರೆ ಫಾರಂ ಮೇಲೆ ಎರಡು ಪದ ಬರೆದು ಕಳಿಸಿ: ಮದ್ದುಸೊಪ್ಪು, ತಿಂದ ದಿನ.